ಹೈಬ್ರಿಡ್ ಟೀಮು: ಮೀಟಿಂಗ್ ಇಳಿಸಿ ಕೆಲಸವನ್ನು ಬರವಣಿಗೆಗೆ ತಂದ ಕ್ರಮ

ಹೈಬ್ರಿಡ್ ಕೆಲಸ, ಅಂದರೆ ಕೆಲವು ದಿನ ಆಫೀಸು ಕೆಲವು ದಿನ ಮನೆ, ಅಂದಕೂಡಲೇ ಎಲ್ಲರೂ ಕೇಳುವುದು ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು ಅಂತ. ಆ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಸಿಕ್ಕಿದೆ. ಚೀನಾದ ಪ್ರಯಾಣ ಬುಕಿಂಗ್ ಕಂಪನಿ ಟ್ರಿಪ್.ಕಾಮ್‌ನ 1,612 ಉದ್ಯೋಗಿಗಳ ಮೇಲೆ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರು ಕೆಲಸ ಬಿಡುವುದು ಮೂರನೇ ಒಂದರಷ್ಟು ಕಡಿಮೆಯಾಯಿತು. ಬಡ್ತಿಯಲ್ಲಾಗಲಿ ಕೆಲಸದ ಮೌಲ್ಯಮಾಪನದಲ್ಲಾಗಲಿ ಹಿನ್ನಡೆ ಕಾಣಲಿಲ್ಲ. ಟೀಮುಗಳನ್ನು ಈ ಪದ್ಧತಿಗೆ ಹೊಂದಿಸುವಾಗ ನಾನು ಮೊದಲು ಕೇಳುವುದೇ ಬೇರೆ: ಇಲ್ಲಿ ತೀರ್ಮಾನ ಎಲ್ಲಿ ಆಗುತ್ತದೆ, ಎಲ್ಲಿ ದಾಖಲಾಗುತ್ತದೆ? ಮೀಟಿಂಗಿನಲ್ಲಿ ಆಗುತ್ತದೆ, ಎಲ್ಲೂ ದಾಖಲಾಗುವುದಿಲ್ಲ ಎಂದಾದರೆ ಎಷ್ಟು ದಿನ ಕರೆಸಿದರೂ ತಾಪತ್ರಯ ತಪ್ಪದು.

ಶುರು ಮಾಡುವುದು ಕ್ಯಾಲೆಂಡರಿನಿಂದ. ಹಿಂದಿನ ನಾಲ್ಕು ವಾರದ ಮೀಟಿಂಗ್‌ಗಳನ್ನೆಲ್ಲ ಒಂದು ಶೀಟಿಗೆ ಇಳಿಸಿ, ಅವಧಿಯನ್ನು ಹಾಜರಾದವರ ಸಂಖ್ಯೆಯಿಂದ ಗುಣಿಸಬೇಕು. ಎಂಟು ಜನ ದಿನಾ ಅರ್ಧ ಗಂಟೆ ಕೂತರೆ ಐದು ದಿನದ ವಾರಕ್ಕೆ 20 ಗಂಟೆ, ಅಂದರೆ ಒಬ್ಬರ ಅರ್ಧ ವಾರದ ದುಡಿಮೆ. ಆಮೇಲೆ ಪ್ರತಿ ಸಾಲಿನ ಮುಂದೆ ಮಾಹಿತಿ, ಚರ್ಚೆ, ತೀರ್ಮಾನ, ಒಡನಾಟ ಇವುಗಳಲ್ಲಿ ಒಂದನ್ನು ಬರೆಯುವುದು. ಮಾಹಿತಿ ಎಂದು ಬರೆದವನ್ನೆಲ್ಲ ಕ್ಯಾಲೆಂಡರಿನಿಂದ ತೆಗೆದು ಬರಹಕ್ಕೆ ತರಬೇಕು. ಒಡನಾಟದ್ದನ್ನು ಮುಟ್ಟಬಾರದು. ಲೆಕ್ಕದಲ್ಲಿ ದಂಡ ಅನ್ನಿಸುವುದು ಅದೇ, ಆದರೆ ಅದನ್ನು ಕಿತ್ತ ಟೀಮಿನಲ್ಲಿ ಒಬ್ಬರು ಇನ್ನೊಬ್ಬರನ್ನು ಸಹಾಯ ಕೇಳುವುದೇ ನಿಂತುಹೋಗುತ್ತದೆ.

ದಿನದ ಸ್ಟೇಟಸ್‌ಗೆ ಮೂರು ಸಾಲು ಸಾಕು: ಮುಗಿದದ್ದು, ಕೈಯಲ್ಲಿರುವುದು, ಅಡ್ಡ ನಿಂತದ್ದು. ಕೆಡುವುದು ಮೂರನೇ ಸಾಲಿನಲ್ಲಿ. ‘ರಿಫಂಡ್ ಕೆಲಸ ಸ್ವಲ್ಪ ನಿಂತಿದೆ’ ಎಂದು ಬರೆದರೆ ಯಾರೂ ಕದಲುವುದಿಲ್ಲ. ‘ರಿಫಂಡ್ ನಿಯಮದ ಎರಡನೇ ಅಂಶಕ್ಕೆ ಫೈನಾನ್ಸ್ ಮ್ಯಾನೇಜರ್ ಒಪ್ಪಿಗೆ ಬೇಕು, ಗುರುವಾರ ಮಧ್ಯಾಹ್ನದೊಳಗೆ ಬರದಿದ್ದರೆ ಶುಕ್ರವಾರದ ರಿಲೀಸಿನಿಂದ ಅದನ್ನು ಕೈಬಿಡುತ್ತೇನೆ’ ಎಂದು ಬರೆದರೆ ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ. ಯಾರಿಂದ, ಏನು, ಯಾವಾಗಿನೊಳಗೆ, ಬರದಿದ್ದರೆ ಏನಾಗುತ್ತದೆ. ಈ ನಾಲ್ಕು ಇಲ್ಲದ ಸಾಲನ್ನು ವಾಪಸ್ ಕಳಿಸಿ ಮತ್ತೆ ಬರೆಸುವಷ್ಟು ಹಟ ಮೊದಲ ತಿಂಗಳು ಬೇಕು.

ತೀರ್ಮಾನಗಳಿಗೆ ಒಂದು ಪುಟದ ಟಿಪ್ಪಣಿ. ಅದರಲ್ಲಿ ಪ್ರಶ್ನೆ ಒಂದೇ ವಾಕ್ಯದಲ್ಲಿ, ಕನಿಷ್ಠ ಎರಡು ಆಯ್ಕೆ, ಬರೆದವರ ಶಿಫಾರಸು, ಕೊನೆಯ ಮಾತು ಯಾರದು ಎಂಬ ಹೆಸರು, ಆಕ್ಷೇಪಣೆಗೆ ಗಡುವು. ಗಡುವು ಎರಡು ಕೆಲಸದ ದಿನ. ಒಂದೇ ದಿನ ಕೊಟ್ಟರೆ ರಜೆಯಲ್ಲಿದ್ದವರು ಗೊಣಗುತ್ತಾರೆ, ವಾರ ಕೊಟ್ಟರೆ ಎಲ್ಲರೂ ಕೊನೆಯ ಸಂಜೆಯೇ ತೆರೆಯುತ್ತಾರೆ. ‘ಕೊನೆಯ ಮಾತು’ ಜಾಗದಲ್ಲಿ ಎರಡು ಹೆಸರು ಬಂದರೆ ಟಿಪ್ಪಣಿ ಅಲ್ಲೇ ಕೊಳೆಯುತ್ತದೆ. ಕಾಮೆಂಟುಗಳು ಮೂರು ಸುತ್ತು ದಾಟಿದರೆ ಬರಹ ನಿಲ್ಲಿಸಿ, ವಾದ ಮಾಡುತ್ತಿರುವ ಇಬ್ಬರನ್ನು ಮಾತ್ರ ಕರೆದು ಹದಿನೈದು ನಿಮಿಷ ಮಾತಾಡಿಸಿ, ಫಲಿತಾಂಶವನ್ನು ಅದೇ ಪುಟದ ತುದಿಯಲ್ಲಿ ಬರೆಸುವುದು. ಮೌನವೇ ಸಮ್ಮತಿ ಎಂಬ ನಿಯಮ ಹಳಬರಿಗೆ ಸರಿ. ಹೊಸಬರ ಮೌನ ಬಹುಪಾಲು ಸಂಕೋಚ, ಅವರನ್ನು ಹೆಸರು ಹಿಡಿದು ಕೇಳಬೇಕು.

ಮೀಟಿಂಗ್ ಇಲ್ಲದ ಬುಧವಾರ ಮಾಡುವವರು ಬಹಳ. ಮೀಟಿಂಗ್ ಕಡಿತ ಮಾಡದೆ ಬರೀ ದಿನ ಮೀಸಲಿಟ್ಟರೆ ಬುಧವಾರದ ಹೊರೆ ಮಂಗಳವಾರ ಗುರುವಾರಗಳ ಮೇಲೆ ಬೀಳುತ್ತದೆ, ಅಷ್ಟೇ.

ಉತ್ತರಿಸುವ ವೇಳೆಯನ್ನು ಬಾಯಿಮಾತಿಗೆ ಬಿಡಬಾರದು. ನಾವು ಇಡುವುದು ಹೀಗೆ: ಚಾಟ್‌ಗೆ ನಾಲ್ಕು ಗಂಟೆಯೊಳಗೆ, ಮೇಲ್‌ಗೆ ಮರುದಿನದೊಳಗೆ, ತುರ್ತಾದರೆ ಫೋನ್. ದಿನಕ್ಕೆ ನಾಲ್ಕು ಗಂಟೆ ಎಲ್ಲರೂ ಒಟ್ಟಿಗೆ ಲಭ್ಯ, ಉಳಿದದ್ದು ಅವರವರ ಅನುಕೂಲ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನಲ್ಲೇ ಇದೆ. ಕಾನೂನು ಇಲ್ಲದ ಕಡೆ ಈ ಹಕ್ಕು ಉಳಿಯುವುದು ಮೇಲಧಿಕಾರಿಯ ಕೈಯಲ್ಲಿ. ‘ನಾಳೆ ನೋಡಿದರೂ ಆಯ್ತು’ ಎಂದು ರಾತ್ರಿ ಹತ್ತಕ್ಕೆ ಮೆಸೇಜ್ ಹಾಕಿದರೆ ಕೆಳಗಿನವರು ಆಗಲೇ ನೋಡುತ್ತಾರೆ; ಬೆಳಿಗ್ಗೆಗೆ ಶೆಡ್ಯೂಲ್ ಮಾಡುವ ಬಟನ್ ಇರುವುದೇ ಅದಕ್ಕೆ.

ಆಫೀಸಿನ ದಿನ ಇಡೀ ಟೀಮಿಗೆ ಒಂದೇ ಇರಲಿ. ಬಂದು ಹೆಡ್‌ಫೋನ್ ಹಾಕಿಕೊಂಡು ವೀಡಿಯೊ ಕಾಲ್‌ನಲ್ಲಿ ಕೂರುವುದಾದರೆ ಪ್ರಯಾಣದ ಸಮಯ ದಂಡ. ಯೋಜನೆ ಹಾಕುವುದು, ಜಗಳ ಬಗೆಹರಿಸುವುದು, ಹೊಸಬರಿಗೆ ಪಕ್ಕದಲ್ಲಿ ಕೂತು ಕಲಿಸುವುದು ಆ ದಿನಕ್ಕೆ. ಒಬ್ಬರಾದರೂ ದೂರದಿಂದ ಸೇರುವ ಮೀಟಿಂಗಿನಲ್ಲಿ ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದ ಸೇರಬೇಕು, ಆದರೆ ಕೋಣೆಯಲ್ಲಿ ಒಂದೇ ಮೈಕ್, ಒಂದೇ ಸ್ಪೀಕರ್ ಚಾಲೂ ಇರಬೇಕು. ಎರಡನೆಯದು ತೆರೆದರೆ ಕಿವಿಗಡಚಿಕ್ಕುವ ಪ್ರತಿಧ್ವನಿ.

ಈಗ ಮೀಟಿಂಗಿನ ಮಾತು ಕೇಳಿ ತಾವೇ ಸಾರಾಂಶ ಬರೆಯುವ ಎಐ ಟಿಪ್ಪಣಿ ಸಾಧನಗಳು ಬಂದಿವೆ. ಹಾಜರಾದವರಿಗೆಲ್ಲ ಮೊದಲೇ ತಿಳಿಸಿ, ಒಪ್ಪಿದರೆ ಮಾತ್ರ ಹಚ್ಚುವುದು. ಮಾತಿನ ಸಾರವನ್ನು ಅವು ಚೆನ್ನಾಗಿ ಹಿಡಿಯುತ್ತವೆ, ಷರತ್ತುಗಳನ್ನು ನುಂಗುತ್ತವೆ. ‘ಬಜೆಟ್ ಸಿಕ್ಕರೆ ಜೂನಿನಲ್ಲಿ ಶುರು ಮಾಡೋಣ’ ಎಂದದ್ದು ‘ಜೂನಿನಲ್ಲಿ ಶುರು’ ಎಂದು ಸಾರಾಂಶಕ್ಕೆ ಇಳಿದಿರುತ್ತದೆ. ಎರಡು ಭಾಷೆ ಬೆರೆಸಿ ಮಾತಾಡುವ ಕಡೆ ಹೆಸರು, ಅಂಕಿಗಳೂ ತಪ್ಪುತ್ತವೆ. ಹಾಗಾಗಿ ಹೆಸರು, ದಿನಾಂಕ, ಮೊತ್ತ, ‘ಆದರೆ–ಇದ್ದರೆ’ ಈ ನಾಲ್ಕನ್ನು ಒಬ್ಬರು ಅದೇ ದಿನ ಕಣ್ಣಾಡಿಸಿ ತಿದ್ದಿದ ಮೇಲೆಯೇ ಅದು ದಾಖಲೆ.

ವಾರ್ಷಿಕ ಮೌಲ್ಯಮಾಪನದಲ್ಲಿ ಕಣ್ಣೆದುರು ಇರುವವರಿಗೆ ಅಂಕ ಜಾಸ್ತಿ ಬೀಳುವ ಅಪಾಯ ಇದ್ದೇ ಇರುತ್ತದೆ. ಅದಕ್ಕೆ ಮ್ಯಾನೇಜರು ಅಂಕ ಬರೆಯುವ ಮೊದಲು ಪ್ರತಿಯೊಬ್ಬರ ತೀರ್ಮಾನದ ಟಿಪ್ಪಣಿ, ಮುಗಿಸಿದ ಕೆಲಸದ ಪಟ್ಟಿ ತೆರೆದಿಟ್ಟುಕೊಂಡು, ಪ್ರತಿ ಅಂಕದ ಪಕ್ಕ ಕನಿಷ್ಠ ಎರಡು ಕೆಲಸದ ಲಿಂಕ್ ಹಾಕಬೇಕು. ಲಿಂಕ್ ಇಲ್ಲದ ಅಂಕವನ್ನು ಎಚ್‌ಆರ್ ಸ್ವೀಕರಿಸಬಾರದು.