ಕರೆಂಟು ಹೋದಾಗ ಮನೆಗೆ ಯಾವ ದೀಪ? ವ್ಯಾಟ್ ಅಲ್ಲ, ಬ್ಯಾಟರಿ ನೋಡಿ ಆರಿಸಿ

ಮೈಸೂರು, ಮಂಡ್ಯದ ಕಡೆ ಕರೆಂಟು ಹೋಗುವುದರಲ್ಲಿ ಎರಡು ಬಗೆ. ಒಂದು, ಚೆಸ್ಕಾಂನವರು ಪೇಪರಿನಲ್ಲಿ ಮೊದಲೇ ತಿಳಿಸಿ, ಲೈನ್ ಕೆಲಸಕ್ಕೆಂದು ಹಗಲು ಹೊತ್ತಿನಲ್ಲಿ ತೆಗೆಯುವುದು. ಅದಕ್ಕೆ ದೀಪದ ಚಿಂತೆ ಬೇಡ. ಇನ್ನೊಂದು, ಏಪ್ರಿಲ್-ಮೇ ತಿಂಗಳ ಸಂಜೆ ಅಶ್ವಿನಿ, ಭರಣಿ ಮಳೆ ಗಾಳಿ ಸಮೇತ ಬಡಿದು, ಕೊಂಬೆ ಮುರಿದು ತಂತಿ ಮೇಲೆ ಬಿದ್ದಾಗ ಹೋಗುವುದು. ಅದು ಅರ್ಧ ಗಂಟೆಗೆ ಬಂದರೂ ಬಂತು, ಮಾರನೆಯ ಬೆಳಿಗ್ಗೆಯಾದರೂ ಆಯಿತು. ಹಳ್ಳಿಯಲ್ಲಿ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಕಾಯುವುದು ಇನ್ನೂ ಉದ್ದ. ಹಾಗಾಗಿ ದೀಪ ಕೊಳ್ಳುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ: ನಮ್ಮ ಮನೆಗೆ ಎಷ್ಟು ಗಂಟೆ ಬೆಳಕು ಬೇಕು? ನಗರದ ಬಡಾವಣೆಯಲ್ಲಿದ್ದರೆ 4 ಗಂಟೆ ಹಿಡಿಯಿರಿ. ಊರಾಚೆ, ತೋಟದ ಮನೆ, ಹಳ್ಳಿಯಾದರೆ ಒಂದಿಡೀ ರಾತ್ರಿ, ಅಂದರೆ 10 ಗಂಟೆ.

ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವ 9 ವ್ಯಾಟ್, 12 ವ್ಯಾಟ್ ಸಾಮಾನ್ಯವಾಗಿ ಕರೆಂಟು ಇದ್ದಾಗಿನ ಲೆಕ್ಕ. ಕರೆಂಟು ಹೋದ ಮೇಲೆ ದೀಪ ಉರಿಯುವುದು ಒಳಗಿನ ಬ್ಯಾಟರಿಯ ಬಲದಿಂದ. ಡಬ್ಬದ ಹಿಂಬದಿಯ ಸಣ್ಣಕ್ಷರದಲ್ಲಿ ಎರಡು ಅಂಕಿ ಹುಡುಕಿ: ವೋಲ್ಟ್ (V) ಮತ್ತು ಎಂಎಎಚ್ (mAh). ಎಂಎಎಚ್ ಅನ್ನು 1000ದಿಂದ ಭಾಗಿಸಿ, ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಅದನ್ನು ನಿಮಗೆ ಬೇಕಾದ ಗಂಟೆಯಿಂದ ಭಾಗಿಸಿ. ಬಂದ ಉತ್ತರವೇ ಕತ್ತಲಲ್ಲಿ ನಿಮಗೆ ಸಿಗುವ ನಿಜವಾದ ವ್ಯಾಟ್.

ಉದಾಹರಣೆಗೆ, ಹೋಲ್ಡರಿಗೆ ಹಾಕುವ 9 ವ್ಯಾಟಿನ ಇನ್ವರ್ಟರ್ ಬಲ್ಬಿನಲ್ಲಿ ಸಾಮಾನ್ಯವಾಗಿ 3.7 ವೋಲ್ಟಿನ 2200 ಎಂಎಎಚ್ ಸೆಲ್ ಇರುತ್ತದೆ. ಗುಣಿಸಿದರೆ ಸುಮಾರು 8 ವ್ಯಾಟ್-ಅವರ್. ಅದು 4 ಗಂಟೆ ಉರಿಯಬೇಕಾದರೆ 2 ವ್ಯಾಟಿಗೆ ಇಳಿಯಲೇಬೇಕು. 9 ವ್ಯಾಟಿನಲ್ಲೇ ಉರಿದರೆ ಒಂದು ಗಂಟೆಯೂ ಬಾರದು. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ (ಬೆಳಕಿನ ಅಳತೆ) ಕೊಡುತ್ತದೆ. ಅಂದರೆ ಕರೆಂಟು ಇದ್ದಾಗ 900 ಲ್ಯೂಮೆನ್ ಇದ್ದ ಬಲ್ಬು ಕತ್ತಲಲ್ಲಿ 200ರ ಆಸುಪಾಸಿಗೆ ಬರುತ್ತದೆ. ಹಿಂದಿನ 40 ವ್ಯಾಟಿನ ಬುರುಡೆ ಬಲ್ಬಿನ ಅರ್ಧ ಬೆಳಕು ಎಂದುಕೊಳ್ಳಿ. ಊಟ ಮಾಡಲು, ಓಡಾಡಲು ಧಾರಾಳ ಸಾಕು. ಮೇಲಿನ ಹೋಲ್ಡರಿನಿಂದ ಬರುವ ಈ ಬೆಳಕು ಓದಲು ಸಾಲದು.

ಇನ್ವರ್ಟರ್ ಬಲ್ಬು: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಬಾಡಿಗೆ ಮನೆಯವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಹಳೆಯ ಬಲ್ಬು ಬಿಚ್ಚಿ ಇದನ್ನು ಸಿಕ್ಕಿಸಿದರೆ ಮುಗಿಯಿತು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ "ಎರಡೇ ತಿಂಗಳಿಗೆ ಕೈಕೊಟ್ಟಿತು" ಎಂಬ ದೂರು ಹೆಚ್ಚು ಬರುವುದೂ ಇದರ ಮೇಲೆಯೇ. ಅನೇಕ ಸಲ ಬಲ್ಬಿನ ತಪ್ಪಿರುವುದಿಲ್ಲ, ಹಾಕಿದ ಜಾಗದ್ದು.

ಈ ಬಲ್ಬು ಸ್ವಿಚ್ ಹಾಕಿದ್ದಾಗ ಮಾತ್ರ ಚಾರ್ಜ್ ಆಗುತ್ತದೆ. ಖಾಲಿಯಾದದ್ದು ತುಂಬಲು 8ರಿಂದ 10 ಗಂಟೆ ಬೇಕು. ಬಚ್ಚಲಿನಲ್ಲೋ ಸ್ಟೋರ್ ರೂಮಿನಲ್ಲೋ ಹಾಕಿದರೆ ದಿನಕ್ಕೆ ಅರ್ಧ ಗಂಟೆಯೂ ಉರಿಯದೆ ಸೆಲ್ ಸದಾ ಅರೆಹೊಟ್ಟೆಯಲ್ಲಿರುತ್ತದೆ. ದಿನಾ ನಾಲ್ಕೈದು ಗಂಟೆ ದೀಪ ಉರಿಯುವ ಹಾಲ್, ಅಡುಗೆಮನೆ ಇದಕ್ಕೆ ಸರಿಯಾದ ಜಾಗ. ಸುತ್ತ ಗಾಜು ಮುಚ್ಚಿದ ಶೇಡಿನೊಳಗೆ ಹಾಕಬೇಡಿ. ಬಿಸಿ ಹೊರಹೋಗದೆ ಸೆಲ್ ಬೇಗ ಸಾಯುತ್ತದೆ.

ಕರೆಂಟು ಹೋದದ್ದೂ ಸ್ವಿಚ್ ಆರಿಸಿದ್ದೂ ಬಲ್ಬಿಗೆ ಹೇಗೆ ಬೇರೆ ಬೇರೆಯಾಗಿ ಗೊತ್ತಾಗುತ್ತದೆ? ಸ್ವಿಚ್ ಹಾಕಿದ್ದರೆ, ಕರೆಂಟು ಇಲ್ಲದಿದ್ದರೂ ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಮನೆಯ ಫ್ಯಾನು, ಫ್ರಿಜ್ಜು, ಹೊರಗಿನ ಟಿ.ಸಿ.ಯ ಸುರುಳಿಯ ಮೂಲಕ ಒಂದಕ್ಕೊಂದು ಸೇರಿರುತ್ತವೆ. ಬಲ್ಬು ಆ ಸಂಪರ್ಕವನ್ನು ಗುರುತಿಸಿ ಹೊತ್ತಿಕೊಳ್ಳುತ್ತದೆ. ಅಂಗಡಿಯವರು ಬಲ್ಬಿನ ಎರಡು ತುದಿಗೆ ಒದ್ದೆ ಬೆರಳಿಟ್ಟು ಹೊತ್ತಿಸಿ ತೋರಿಸುವುದೂ ಇದೇ ಗುಣದಿಂದ. ಇದರಿಂದ ಎರಡು ಮಾತು ನೆನಪಿಡಬೇಕು. ಮನೆಗೆ ತಂದು ಪರೀಕ್ಷಿಸಲು ಆ ಲೈನಿನ ಎಂಸಿಬಿ ಇಳಿಸಿದಾಗ, ಅದೇ ಲೈನಿನಲ್ಲಿ ಬೇರೇನೂ ಆನ್ ಇಲ್ಲದಿದ್ದರೆ ಬಲ್ಬು ಹೊತ್ತದೆ ಇರಬಹುದು. ಅದನ್ನೇ ಕೆಟ್ಟಿದೆ ಎಂದು ಹಿಂದಿರುಗಿಸಬೇಡಿ, ಅದೇ ಲೈನಿನ ಫ್ಯಾನಿನ ಸ್ವಿಚ್ ಹಾಕಿ ಮತ್ತೆ ನೋಡಿ. ಎರಡನೆಯದು, ಒಂದು ಸ್ವಿಚ್ಚಿಗೆ ಇಂಥ ಬಲ್ಬು ಒಂದೇ ಇರಲಿ. ಎರಡು ಇದ್ದರೆ ಒಂದರ ಸಂಪರ್ಕವನ್ನು ಇನ್ನೊಂದು ಗುರುತಿಸಿ, ಸ್ವಿಚ್ ಆರಿಸಿದರೂ ಉರಿಯುತ್ತಲೇ ಇದ್ದು ಸೆಲ್ ಖಾಲಿಯಾಗಬಹುದು.

ಯುಪಿಎಸ್ ಲೈನಿನ ಹೋಲ್ಡರಿಗೆ ಇದನ್ನು ಹಾಕಿದರೆ ಪ್ರಯೋಜನವಿಲ್ಲ, ಕರೆಂಟು ಹೋದರೂ ಯುಪಿಎಸ್ಸಿನ ದೊಡ್ಡ ಬ್ಯಾಟರಿಯಿಂದ ಆ ಲೈನಿಗೆ ವಿದ್ಯುತ್ ಬರುತ್ತಲೇ ಇರುತ್ತದೆ.

ಕೈಯಲ್ಲಿ ಒಯ್ಯುವ ಚಾರ್ಜರ್ ಲೈಟು

ಇದರಲ್ಲಿ ಬ್ಯಾಟರಿಯ ಜಾತಿ ಮುಖ್ಯ. ಅಗ್ಗದ ಲೈಟುಗಳಲ್ಲಿ 4 ವೋಲ್ಟಿನ ಸಣ್ಣ ಲೆಡ್ ಆಸಿಡ್ ಬ್ಯಾಟರಿ, ದೊಡ್ಡವುಗಳಲ್ಲಿ 6 ವೋಲ್ಟಿನ 4.5 ಎಎಚ್ (ಅಂದರೆ 4500 ಎಂಎಎಚ್). ಎರಡನೆಯದರಲ್ಲಿ 27 ವ್ಯಾಟ್-ಅವರ್ ಇರುವುದರಿಂದ 4 ವ್ಯಾಟಿನ ಎಲ್‌ಇಡಿ ಐದು ಗಂಟೆ ನಿಶ್ಚಿಂತೆಯಿಂದ ಉರಿಯುತ್ತದೆ. ಲೆಡ್ ಬ್ಯಾಟರಿಯ ಶತ್ರು ಖಾಲಿಯಾಗಿ ಕೂರುವುದು. ಮಳೆಗಾಲದಲ್ಲಿ ಬಳಸಿ, ಖಾಲಿಯಾದದ್ದನ್ನು ಹಾಗೇ ಅಟ್ಟದ ಮೇಲಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಮುಂದಿನ ವರ್ಷ ಎಷ್ಟು ಚಾರ್ಜ್ ಮಾಡಿದರೂ ಹತ್ತು ನಿಮಿಷಕ್ಕೆ ಮಂಕಾಗುತ್ತದೆ. ಬಳಸಿದ ರಾತ್ರಿಯ ಮಾರನೆಯ ದಿನವೇ ಚಾರ್ಜಿಗೆ ಹಾಕಿ. ಬಳಸದಿದ್ದರೂ ಎರಡು ತಿಂಗಳಿಗೊಮ್ಮೆ ಹಾಕಿ. ಹಾಗೆಂದು ಪ್ಲಗ್ಗಿನಲ್ಲೇ ವರ್ಷಪೂರ್ತಿ ಬಿಡುವುದೂ ತಪ್ಪು. ತುಂಬಿದ ಮೇಲೆ ತಾನೇ ನಿಲ್ಲುವ ವ್ಯವಸ್ಥೆ ಅಗ್ಗದವುಗಳಲ್ಲಿ ಇರುವುದಿಲ್ಲ, ಬ್ಯಾಟರಿ ಒಣಗಿ ಊದಿಕೊಳ್ಳುತ್ತದೆ.

ಲಿಥಿಯಂ ಬ್ಯಾಟರಿಯದ್ದು ಹಗುರ, ತಿಂಗಳುಗಟ್ಟಲೆ ಇಟ್ಟರೂ ಚಾರ್ಜ್ ಹೆಚ್ಚು ಇಳಿಯುವುದಿಲ್ಲ. ಹೊಸದು ಕೊಳ್ಳುವವರಿಗೆ ನಮ್ಮ ಸಲಹೆ ಇದೇ. ಅದರಲ್ಲೂ ಮೊಬೈಲಿನ ಟೈಪ್-ಸಿ ಚಾರ್ಜರಿನಿಂದ ಚಾರ್ಜ್ ಆಗುವುದನ್ನು ಆರಿಸಿ, ಆಗ ಪವರ್ ಬ್ಯಾಂಕಿನಿಂದಲೂ ತುಂಬಿಸಬಹುದು. ಲೆಡ್ ಬ್ಯಾಟರಿ ಸತ್ತ ಹಳೆಯ ಲೈಟಿಗೆ ಲಿಥಿಯಂ ಸೆಲ್ ಜೋಡಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಎರಡರ ಚಾರ್ಜಿಂಗ್ ವೋಲ್ಟೇಜು ಬೇರೆ, ಸೆಲ್ ಬೆಂಕಿ ಹಿಡಿಯುವ ಅಪಾಯವಿದೆ.

ಅಂಗಡಿಯಲ್ಲಿ ಇನ್ನೆರಡು ಸಂಗತಿ ನೋಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ಆರ್ (R) ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಲ್ಬಿಗೆ ಐಎಸ್ 16102, ಲಿಥಿಯಂ ಸೆಲ್ಲಿಗೆ ಐಎಸ್ 16046. ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ನಿಂತು ಪರೀಕ್ಷಿಸಬಹುದು. ಮತ್ತೊಂದು, ಹಿಂಬದಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಬ್ಯಾಟರಿ ಬದಲಿಸಬಹುದೇ ಎಂದು ಕೇಳಿ. ಅಂಟು ಹಾಕಿ ಮುಚ್ಚಿದ್ದಾದರೆ ಬ್ಯಾಟರಿ ಹೋದ ದಿನ ಲೈಟೂ ಹೋದಂತೆ.

ಹಿಂದಿನಿಂದ ಎರಡು ಪಿನ್ ಎಳೆದು ನೇರ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಟಾರ್ಚುಗಳ ಬಗ್ಗೆ ಎಚ್ಚರ. ಹಲವದರ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಚಾರ್ಜ್ ಆಗುತ್ತಿರುವಾಗ ಒಳಭಾಗದಲ್ಲಿ 230 ವೋಲ್ಟಿನ ಸಂಪರ್ಕ ಇದ್ದೇ ಇರುತ್ತದೆ. ಗಾಜು ಒಡೆದಿದ್ದರೆ, ಕವಚ ಬಿರುಕು ಬಿಟ್ಟಿದ್ದರೆ ಅದನ್ನು ಪ್ಲಗ್ಗಿಗೆ ಹಾಕಲೇಬೇಡಿ. ಮಕ್ಕಳ ಕೈಗೆ ಎಟುಕುವ ಪ್ಲಗ್ಗಿನಲ್ಲಂತೂ ಬೇಡವೇ ಬೇಡ.

ಟಾರ್ಚು ಬೇರೆಯೇ ಇರಲಿ

ಕಬ್ಬಿನ ಗದ್ದೆ, ನಾಲೆ ಪಕ್ಕದ ಮನೆಗಳಲ್ಲಿ ರಾತ್ರಿ ಕೊಟ್ಟಿಗೆಗೋ ಹಿತ್ತಲಿಗೋ ಹೋಗುವಾಗ ಹಾವಿನ ಭಯ ಸುಮ್ಮನೆ ಅಲ್ಲ. ಅಲ್ಲಿಗೆ ಅಗಲವಾಗಿ ಬೆಳಕು ಚೆಲ್ಲುವ ಲೈಟಿಗಿಂತ ಕಿರಣ ದೂರ ಹೋಗುವ ಟಾರ್ಚು ಬೇಕು. ಗಾಳಿಮಳೆ ಬಂದ ರಾತ್ರಿ ಬಾಗಿಲಲ್ಲೇ ನಿಂತು ಮೊದಲು ಅಂಗಳಕ್ಕೆಲ್ಲ ಟಾರ್ಚು ಬಿಡಿ. ತಂತಿ ಜೋತುಬಿದ್ದಿದ್ದರೆ, ನೆಲದಲ್ಲಿ ನೀರು ನಿಂತಿದ್ದರೆ ಆಚೆ ಕಾಲಿಡಬೇಡಿ, ಕಬ್ಬಿಣದ ಬಟ್ಟೆ ತಂತಿ ಮುಟ್ಟಬೇಡಿ. 1912ಕ್ಕೆ ಫೋನ್ ಮಾಡಿ, ಕಂಬದ ಗುರುತು ಹೇಳಿ. ಮೊಬೈಲ್ ಟಾರ್ಚನ್ನೇ ನೆಚ್ಚಿಕೊಂಡರೆ ಈ ಕರೆ ಮಾಡುವ ಹೊತ್ತಿಗೆ ಫೋನೇ ಆರಿಹೋಗಿರುತ್ತದೆ.

ಯುಪಿಎಸ್ ಬೇಕೇ?

ಫ್ಯಾನೂ ಬೇಕು, ಮನೆಯಲ್ಲಿ ವಯಸ್ಸಾದವರಿದ್ದಾರೆ, ಮಕ್ಕಳ ಪರೀಕ್ಷೆ ಇದೆ ಎಂದರೆ ಬೇಕು. ಬರೀ ದೀಪಕ್ಕಾದರೆ ಬೇಡ. 12 ವೋಲ್ಟಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದ್ದರೂ ಕೈಗೆ ಸಿಗುವುದು 1100-1200. ಮೂರು 9 ವ್ಯಾಟಿನ ಬಲ್ಬು, ಎರಡು ಮಾಮೂಲಿ 75 ವ್ಯಾಟಿನ ಫ್ಯಾನು ಹಾಕಿದರೆ ಸುಮಾರು ಆರು ಗಂಟೆ. ಅದೇ ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿಗೆ (ಕಡಿಮೆ ಕರೆಂಟು ತಿನ್ನುವ ಮೋಟಾರಿನ ಫ್ಯಾನಿಗೆ) ಬದಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು ಹೊತ್ತು. ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸುವ ಲೆಕ್ಕ ಹಾಕಿ ನೋಡಿ. ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರಿನ ಲವಣ ಫಲಕಗಳನ್ನು ಹಾಳುಮಾಡುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುವುದರಿಂದ ಅದನ್ನು ಗಾಳಿಯಾಡುವ ಕಡೆ ಇಡಿ. ದೇವರ ಗೂಡಿನ ಕೆಳಗೆ ಬೇಡ.

ಎಲ್ಲಿ, ಎಷ್ಟು

ಮೂರು ಕೋಣೆಯ ಮನೆಗೆ ಹಾಲಿಗೊಂದು, ಅಡುಗೆಮನೆಗೊಂದು ಇನ್ವರ್ಟರ್ ಬಲ್ಬು, ಓದುವ ಮೇಜಿಗೆ ಒಂದು ಲಿಥಿಯಂ ಲೈಟು, ಬಾಗಿಲ ಬಳಿ ಮೊಳೆಗೆ ತೂಗುಹಾಕಿದ ಒಂದು ಟಾರ್ಚು. ಇಷ್ಟು ಸಾಕು. ಹೆಂಚಿನ ಮನೆ, ತೊಟ್ಟಿ ಮನೆಗಳಲ್ಲಿ ಮೇಲಕ್ಕೆ ಬಿಟ್ಟ ಬೆಳಕು ಹೆಂಚಿನ ಕಪ್ಪಿನಲ್ಲೇ ಕರಗಿಹೋಗುತ್ತದೆ, ಲೈಟನ್ನು ಸುಣ್ಣ ಬಳಿದ ಗೋಡೆಗೆ ತಿರುಗಿಸಿ ಇಡಿ. ಆರ್‌ಸಿಸಿ ಮನೆಯಲ್ಲಿ ಸೂರಿಗೆ ತಿರುಗಿಸಬಹುದು. ಓದಲು 200 ಲ್ಯೂಮೆನ್ನಿನ ಲೈಟಾದರೂ ಸಾಕು, ಪುಸ್ತಕದಿಂದ ಎರಡಡಿ ಒಳಗಿರಬೇಕು. ಮಳೆ ಹುಳು ಮುತ್ತುವ ಕಡೆ ಬಿಳಿಯ 6500 ಕೆಲ್ವಿನ್ ಬದಲು ಹಳದಿ ಛಾಯೆಯ 3000 ಕೆಲ್ವಿನ್ ಆರಿಸಿದರೆ ಊಟದ ತಟ್ಟೆಗೆ ಬೀಳುವ ಹುಳು ಕಡಿಮೆ.

ವೋಲ್ಟೇಜು 160ಕ್ಕೆ ಇಳಿಯುವ ಊರುಗಳಲ್ಲಿ ಕರೆಂಟು ಇದ್ದರೂ ಕೆಲವು ಲೈಟು ತಾವಾಗಿ ಹೊತ್ತಿಕೊಂಡು ಬ್ಯಾಟರಿ ಕರಗಿಸುತ್ತವೆ. ಡಬ್ಬದ ಮೇಲೆ 100-300 ವೋಲ್ಟ್ ಎಂದು ನಮೂದಿಸಿರುವುದನ್ನು ಕೇಳಿ ತನ್ನಿ.

ಮೇಣದಬತ್ತಿ ಕೊನೆಯ ಆಸರೆಯಾಗಿ ಮಾತ್ರ ಇರಲಿ. ನೀರು ಹಾಕಿದ ತಟ್ಟೆಯ ಮಧ್ಯೆ ಲೋಟವಿಟ್ಟು, ಅದರಲ್ಲಿ ಬತ್ತಿ ನಿಲ್ಲಿಸಿ ಹಚ್ಚಿ, ಪರದೆಯಿಂದ ದೂರವಿಡಿ. ಗ್ಯಾಸಿನ ವಾಸನೆ ಬಂದರೆ ಬತ್ತಿ ಹಾಗಿರಲಿ, ಚಾರ್ಜರ್ ಲೈಟಿನ ಗುಂಡಿಯನ್ನೂ ಒಳಗೆ ಒತ್ತಬೇಡಿ. ಸಿಲಿಂಡರಿನ ರೆಗ್ಯುಲೇಟರ್ ತಡಕಿ ಆರಿಸಿ, ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ.

ಬದಲಿಸಿದ ಲೆಡ್ ಬ್ಯಾಟರಿಗೆ ಗುಜರಿ ಬೆಲೆ ಇದೆ, ಹೊಸದು ತರುವಾಗ ಎಕ್ಸ್‌ಚೇಂಜ್ ಕೇಳಿ. ಊದಿದ ಲಿಥಿಯಂ ಸೆಲ್ಲನ್ನು ಮಾತ್ರ ಕಸದ ಗಾಡಿಗೆ ಹಾಕಬಾರದು. ಕಸ ಅದುಮುವಾಗ ಅದು ಬೆಂಕಿ ಹಿಡಿಯಬಹುದು. ಎರಡೂ ತುದಿಗೆ ಇನ್ಸುಲೇಷನ್ ಟೇಪು ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರ ಕೈಗೇ ಕೊಡಿ.