ಅರ್ಧ ಸುತ್ತು ತಿರುಗಿ ನಿಂತ ಫ್ಯಾನು

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಫ್ಲೆಕ್ಸು. ಹಳೇ ಕಂಪ್ಯೂಟರಿನಲ್ಲಿ ದೊಡ್ಡ ಫ್ಲೆಕ್ಸ್ ಫೈಲ್ ತೆರೆಯಲು ಕೊಟ್ಟರೆ, ಗಿರಾಕಿ ಹೊರಗೆ ಹೋಗಿ ಟೀ ಕುಡಿದು ಬಂದರೂ ಅದು ತೆರೆದಿರುತ್ತಿರಲಿಲ್ಲ. ಕೊನೆಗೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಸಾಮಾನು ತಂದೆ. ರೈಜೆನ್ 5 5600ಜಿ ಪ್ರೊಸೆಸರ್, ಬಿ550 ಚಿಪ್‌ಸೆಟ್‌ನ ಎಟಿಎಕ್ಸ್ ಅನ್ನುವ ದೊಡ್ಡ ಅಳತೆಯ ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, 550 ವ್ಯಾಟ್‌ನ ಎಸ್‌ಎಂಪಿಎಸ್, ಅಂದರೆ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ. ಕ್ಯಾಬಿನೆಟ್ ಮಾತ್ರ ಹಳೆಯದೇ ಇರಲಿ ಅಂದುಕೊಂಡೆ. ತಗಡಿನ ಡಬ್ಬಕ್ಕೆ ಯಾಕೆ ದುಡ್ಡು ಸುರಿಯೋದು? ಆ ಜಿಪುಣತನ ನನ್ನ ಎರಡು ದಿನ ತಿಂದಿತು.

ಭಾನುವಾರ ಸಂಜೆ ಎಲ್ಲ ಜೋಡಿಸಿ ಆಯಿತು. ಅಂಗಡಿ ಹುಡುಗ ಊದಿನಕಡ್ಡಿಯನ್ನೂ ಹಚ್ಚಿದ. ಬಟನ್ ಒತ್ತಿದೆ. ಏನೂ ಇಲ್ಲ. ಸದ್ದಿಲ್ಲ, ಬೆಳಕಿಲ್ಲ.

ಸಾಮಾನು ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ, "ಬೋರ್ಡ್ ಹೋಗಿರ್ಬೇಕು ಸಾರ್, ತಗೊಂಡ್ ಬನ್ನಿ ನೋಡೋಣ" ಎಂದರು. ಇನ್ನೂರೈವತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಸುಮ್ನೆ ಹೊತ್ತುಕೊಂಡು ಹೋಗಿ, ಅಲ್ಲಿ ಸರಿಯಾಗೇ ಓಡಿದರೆ ಮುಖ ಎಲ್ಲಿಡಲಿ? ನಾನೇ ನೋಡುವುದು ಎಂದು ಕೂತೆ.

ಮೊದಲು ಸಣ್ಣಪುಟ್ಟವು. ಗೋಡೆಯ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದೆ, ಕರೆಂಟ್ ಇದೆ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ಚೂ ಆನ್ ಇದೆ. 24 ಪಿನ್ನಿನ ದೊಡ್ಡ ಕನೆಕ್ಟರ್ ಒತ್ತಿದೆ, ಟಕ್ ಎಂದು ಕೂತೇ ಇತ್ತು. ಪ್ರೊಸೆಸರಿಗೆ ಕರೆಂಟ್ ಕೊಡುವ 8 ಪಿನ್ನಿನ ಕನೆಕ್ಟರೂ ಸರಿ.

ಆಮೇಲೆ ಮಲ್ಟಿಮೀಟರ್ ತೆಗೆದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಎಸ್‌ಎಂಪಿಎಸ್ ಒಂದು ತಂತಿಯಲ್ಲಿ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಬಟನ್ ಒತ್ತಿದ್ದು ಮದರ್‌ಬೋರ್ಡಿಗೆ ಗೊತ್ತಾಗಬೇಕಲ್ಲ, ಅದಕ್ಕೆ. 24 ಪಿನ್ನಿನಲ್ಲಿ ಅದು 9ನೆಯದು, ಬಣ್ಣದ ತಂತಿಗಳಿದ್ದರೆ ನೇರಳೆ. ನನ್ನದರಲ್ಲಿ ಎಲ್ಲವೂ ಕಪ್ಪು, ಹಾಗಾಗಿ ಎಣಿಸಬೇಕಾಯಿತು. ಕನೆಕ್ಟರಿನ ಬೆನ್ನಿಂದ ಮೀಟರಿನ ಕಡ್ಡಿ ತೂರಿಸಿದರೆ 5.06 ತೋರಿಸಿತು. ಅಂದರೆ ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ.

ಹಾಗಾದರೆ ಬಟನ್ನಿನದೇ ತಕರಾರಾ? ಕ್ಯಾಬಿನೆಟ್ಟಿನ ಪವರ್ ಬಟನ್ ಮಾಡುವುದು ಒಂದೇ ಕೆಲಸ, ಮದರ್‌ಬೋರ್ಡಿನ ಎರಡು ಪಿನ್‌ಗಳನ್ನು ಒಂದು ಕ್ಷಣ ಮುಟ್ಟಿಸುವುದು. ಬಟನ್ನಿನ ತಂತಿ ಕಿತ್ತು, ಸ್ಕ್ರೂಡ್ರೈವರ್ ತುದಿಯಲ್ಲಿ ನಾನೇ ಆ ಎರಡನ್ನು ಮುಟ್ಟಿಸಿದೆ. ಪ್ರೊಸೆಸರ್ ಫ್ಯಾನು ಅರ್ಧ ಸುತ್ತು ತಿರುಗಿತು. ನಿಂತಿತು.

ಅಷ್ಟಕ್ಕೇ ಹುಡುಗ ಚಪ್ಪಾಳೆ ತಟ್ಟಿದ.

ತಂತಿ ಎಲ್ಲಿತ್ತು ಎಂದು ಟಾರ್ಚ್ ಬಿಟ್ಟು ನೋಡಿದರೆ, ನಾನು ಅದನ್ನು ರೀಸೆಟ್‌ನ ಪಿನ್‌ಗಳಿಗೆ ಸಿಕ್ಕಿಸಿದ್ದೆ. ಅವು ಒಂದು ಸಾಲಿನಲ್ಲಿ 5, 7. ಪಕ್ಕದ ಸಾಲಿನಲ್ಲಿ 6, 8 ಪವರ್ ಬಟನ್ನಿಗೆ. ಬೋರ್ಡಿನ ಮೇಲಿನ ಅಕ್ಷರ ಎಳ್ಳಿನಷ್ಟು. ಓದುವ ಕನ್ನಡಕ ಮನೆಯಲ್ಲಿತ್ತು, ಇನ್ನೇನು ಹೇಳಲಿ.

ಒಂದು ತಪ್ಪು ಸಿಕ್ಕಿತು. ಆದರೆ ಅದರ ಹಿಂದೆ ಇನ್ನೊಂದು ಅಡಗಿ ಕೂತಿತ್ತು. ಬಟನ್ ಒತ್ತಿದರೆ ಏನೂ ಆಗದಿರುವುದು ಒಂದು ಕಾಯಿಲೆ. ಫ್ಯಾನು ಒಮ್ಮೆ ಅಲುಗಿ ನಿಲ್ಲುವುದು ಬೇರೆಯದೇ ಕಾಯಿಲೆ. ಎರಡನೇ ಸಲ ಒತ್ತಿದರೆ ಫ್ಯಾನು ಅಲುಗಲೂ ಇಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಒಂದೇ ಒಂದು ಅಲುಗು. ಎಲ್ಲೋ ಶಾರ್ಟ್ ಆಗುತ್ತಿದೆ, ಎಸ್‌ಎಂಪಿಎಸ್ ಅದನ್ನು ಕಂಡು ತಾನೇ ಬಾಗಿಲು ಹಾಕಿಕೊಳ್ಳುತ್ತಿದೆ ಎಂದು ಆಗ ಹೊಳೆಯಿತು.

ಇಲ್ಲಾ ಎಸ್‌ಎಂಪಿಎಸ್ಸೇ ಕೆಟ್ಟಿದೆಯೋ? ಮದರ್‌ಬೋರ್ಡಿನಿಂದ ಅದನ್ನು ಪೂರ್ತಿ ಬಿಡಿಸಿದೆ. ದೊಡ್ಡ ಕನೆಕ್ಟರಿನ ಎರಡು ಪಿನ್ ಮುಟ್ಟಿಸಿದರೆ ಬೋರ್ಡಿಲ್ಲದೆಯೂ ಅದು ಆನ್ ಆಗುತ್ತದೆ. ಸ್ವಿಚ್ ಆಫ್ ಇಟ್ಟುಕೊಂಡೇ 16ನೇ ಪಿನ್ನಿಗೂ (ಬಣ್ಣವಿದ್ದರೆ ಹಸಿರು ತಂತಿ) ಪಕ್ಕದ 17ಕ್ಕೂ (ಅದು ಕಪ್ಪು) ಬಗ್ಗಿಸಿದ ಪೇಪರ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿದೆ. ಅದರ ಫ್ಯಾನು ಜುಮ್ಮೆಂದು ಓಡಿತು. ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಬಿಸಿಯಾಗುವ ತನಕ ಫ್ಯಾನೇ ತಿರುಗುವುದಿಲ್ಲ, ಅಂಥದರಲ್ಲಿ ಮೀಟರೇ ಗತಿ. ಇನ್ನೊಂದು ಮಾತು: ಲೋಡ್ ಹಾಕಿದಾಗಲೂ ಅದು ಸರಿಯಾಗಿರುತ್ತದೆ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಹಾಗಂತ ಡಬ್ಬಿ ಬಿಚ್ಚಿ ನೋಡಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಚಾರ್ಜ್ ಹಿಡಿದುಕೊಂಡಿರುತ್ತದೆ.

ಎಲ್ಲ ಮತ್ತೆ ಜೋಡಿಸಿ ಒಂದೊಂದೇ ಕಳಚುತ್ತಾ ಬಂದೆ. ಎಸ್‌ಎಸ್‌ಡಿ ತೆಗೆದೆ, ಅದೇ ಕತೆ. ರ‍್ಯಾಮ್ ತೆಗೆದೆ, ಅದೇ ಕತೆ. ಪ್ರೊಸೆಸರಿನ 8 ಪಿನ್ ಕಿತ್ತರೂ ಫ್ಯಾನು ಹಾಗೇ ಅಲುಗಿ ನಿಂತಿತು. ಇಲ್ಲಿಗೆ ಪ್ರೊಸೆಸರಿನ ಮೇಲಿದ್ದ ಅನುಮಾನ ಅರ್ಧ ಇಳಿಯಿತು. ರಾತ್ರಿ ಹನ್ನೊಂದಾಗಿತ್ತು. ಮನೆಯಿಂದ ಎರಡು ಸಲ ಫೋನ್ ಬಂದಿತ್ತು. ಬಾಗಿಲು ಹಾಕಿ ಹೋದೆ.

ಸೋಮವಾರ ಗಿರಾಕಿ ಕಡಿಮೆಯಾದ ಮೇಲೆ ಇಡೀ ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಎತ್ತಿ, ಅದು ಬಂದ ರಟ್ಟಿನ ಡಬ್ಬದ ಮೇಲೇ ಇಟ್ಟೆ. ಪ್ರೊಸೆಸರ್, ಅದರ ಫ್ಯಾನು, ಒಂದೇ ಒಂದು ರ‍್ಯಾಮ್, ಮಾನಿಟರ್, ಎಸ್‌ಎಂಪಿಎಸ್. ಅಷ್ಟೇ. ಸ್ಕ್ರೂಡ್ರೈವರ್ ಮುಟ್ಟಿಸಿದೆ. ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು! ಪರದೆ ಮಾತ್ರ ಕಪ್ಪಗೇ ಇತ್ತು. ಗಾಬರಿಯಾಯಿತು. ಆದರೆ ಮೊದಲ ಸಲ ಬೋರ್ಡು ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಓದಿದ್ದೆ, ಕೈಕಟ್ಟಿ ನಿಂತೆ. ಬಂತು.

ಹಾಗಾದರೆ ಕಳ್ಳ ಕ್ಯಾಬಿನೆಟ್ಟಿನಲ್ಲೇ ಇದ್ದಾನೆ, ಅಲ್ವಾ?

ಬೋರ್ಡು ತಗಡಿಗೆ ತಾಗಬಾರದು ಎಂದು ಕೆಳಗೆ ಗಿಡ್ಡ ಹಿತ್ತಾಳೆ ಕಾಲುಗಳನ್ನು ಹಾಕುತ್ತಾರೆ, ಸ್ಟ್ಯಾಂಡ್‌ಆಫ್. ನನ್ನ ಹಳೇ ಬೋರ್ಡು ಮೈಕ್ರೋ ಎಟಿಎಕ್ಸ್ ಅನ್ನುವ ಚಿಕ್ಕ ಅಳತೆಯದು, 244 ಮಿಲಿಮೀಟರ್ ಚೌಕ. ಹೊಸದು 305 ಮಿಲಿಮೀಟರ್ ಉದ್ದ. ಮೇಲಿನ ತೂತುಗಳು ಹೊಂದುತ್ತವೆ, ಕೆಳಗಿನ ಸಾಲು ಹೊಂದುವುದಿಲ್ಲ. ನಾನು ಕೆಳತುದಿಗೆ ಹೊಸ ಕಾಲು ಹಾಕಿದ್ದೆ ಸರಿ, ಹಳೇ ಸಾಲಿನ ಎರಡನ್ನು ಬಿಚ್ಚಿರಲಿಲ್ಲ. ಅವು ತೂತೇ ಇಲ್ಲದ ಜಾಗದಲ್ಲಿ ಬೋರ್ಡಿನ ಬೆನ್ನಿಗೆ ಒತ್ತುತ್ತಿದ್ದವು. ಬೋರ್ಡು ತಿರುಗಿಸಿ ನೋಡಿದರೆ ಬೆಸುಗೆಯ ಚುಕ್ಕೆಗಳ ಮೇಲೆ ಉಜ್ಜಿದ ಹೊಳಪು ಗುರುತು. ಎಸ್‌ಎಂಪಿಎಸ್ ತಕ್ಷಣ ನಿಲ್ಲದಿದ್ದರೆ ಬೋರ್ಡ್ ಸುಡುತ್ತಿತ್ತೇನೋ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ದುಡ್ಡು ಉಳಿಸಲು ಹೋಗದಿದ್ದದ್ದು ನನ್ನ ಪುಣ್ಯ.

ಇಕ್ಕಳದಲ್ಲಿ ಎರಡನ್ನೂ ಬಿಚ್ಚಿದೆ. ಬೋರ್ಡಿನಲ್ಲಿ ತೂತು 9, ಈಗ ಕಾಲೂ 9. ಕನ್ನಡಕ ಹಾಕಿಕೊಂಡು ಬಟನ್ನಿನ ತಂತಿ ಸಿಕ್ಕಿಸಿದೆ. ಒತ್ತಿದ ಕೂಡಲೇ ಓಡಿತು.

ಆಮೇಲೆ ತಮ್ಮನಿಗೂ ಒಂದು ಜೋಡಿಸಿಕೊಟ್ಟೆ. ಕ್ಯಾಬಿನೆಟ್ಟಿಗೆ ಹಾಕುವ ಮೊದಲೇ ರಟ್ಟಿನ ಮೇಲಿಟ್ಟು ಓಡಿಸಿ ನೋಡಿದೆ. ಹತ್ತು ನಿಮಿಷದ ಕೆಲಸ.

ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿ, ಬೋರ್ಡ್ ಸರಿ ಇದೆ, ಬರೋದಿಲ್ಲ ಎಂದು ತಿಳಿಸಿದೆ. ಏನಾಗಿತ್ತು ಎಂದು ಕೇಳಿದರು, ಹೇಳಿದೆ. "ಹಳೇ ಕ್ಯಾಬಿನೆಟ್ಟಾ ಸಾರ್? ಅದನ್ನ ಮೊದ್ಲೇ ಹೇಳ್ಬಾರ್ದಾ!" ಎಂದರು.