ಹೆಡ್ವಿಗ್ ಅನುವಾರ್ ತೆರೆದ ದಾರಿಯಲ್ಲಿ ನನ್ನ ಗ್ರಂಥಾಲಯದ ಕೆಲಸ

ಸಿಂಗಪುರದ ವಸತಿ ಬಡಾವಣೆಯೊಂದರ ಶಾಖಾ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗವನ್ನು ನೋಡಿಕೊಂಡ ವರ್ಷಗಳಲ್ಲಿ, ನಾನು ಸಲೀಸಾಗಿ ಮಾಡಿದ ಎಷ್ಟೋ ಕೆಲಸಗಳಿಗೆ ಹೆಡ್ವಿಗ್ ಅನುವಾರ್ ಅವರು ಬಹಳ ಹಿಂದೆಯೇ ನೆಲ ಹದಮಾಡಿಟ್ಟಿದ್ದರು. 1928ರಲ್ಲಿ ಜೊಹೋರ್ ಬಾರುವಿನಲ್ಲಿ ಹುಟ್ಟಿದ ಅವರು 1960ರಲ್ಲಿ ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥೆಯಾದರು. ಮತ್ತೆ 1965ರಿಂದ 1988ರವರೆಗೆ ಅದರ ನಿರ್ದೇಶಕಿಯಾಗಿದ್ದರು.

ಅದಕ್ಕೆ ಮುಂಚಿನ ರಾಫಲ್ಸ್ ಗ್ರಂಥಾಲಯದಿಂದ ಪುಸ್ತಕ ಮನೆಗೊಯ್ಯಲು ಚಂದಾ ಕಟ್ಟಬೇಕಿತ್ತು, ಪುಸ್ತಕಗಳೂ ಹೆಚ್ಚಿನವು ಇಂಗ್ಲಿಷಿನವೇ. ಗ್ರಂಥಾಲಯ ಎಲ್ಲರಿಗೂ ಉಚಿತವಾಗಿರಬೇಕೆಂಬ ಷರತ್ತಿನೊಂದಿಗೆ ಉದ್ಯಮಿ ಲೀ ಕಾಂಗ್ ಚಿಯಾನ್ 1953ರಲ್ಲಿ 3,75,000 ಡಾಲರ್ ದಾನವಾಗಿ ಕೊಟ್ಟರು. ಸ್ಟ್ಯಾಮ್‌ಫರ್ಡ್ ರಸ್ತೆಯ ಹೊಸ ಕಟ್ಟಡ 1960ರ ನವೆಂಬರ್‌ನಲ್ಲಿ ತೆರೆಯಿತು. ಆದರೆ ಊರ ನಡುವಿನ ಒಂದು ಕಟ್ಟಡದಿಂದ ದ್ವೀಪದ ಜನರೆಲ್ಲ ಓದುಗರಾಗುವುದಿಲ್ಲ. ಅನುವಾರ್ ಅವರ ಅವಧಿಯಲ್ಲಿ 1970ರಲ್ಲಿ ಕ್ವೀನ್ಸ್‌ಟೌನ್, 1974ರಲ್ಲಿ ತೋಆ ಪಾಯೋ, 1978ರಲ್ಲಿ ಮರೀನ್ ಪೆರೇಡ್ ಎಂದು ಶಾಖೆಗಳು ಒಂದೊಂದಾಗಿ ಜನರು ವಾಸಿಸುವ ಬಡಾವಣೆಗಳೊಳಗೇ ಬಂದವು. ನನ್ನ ಮಟ್ಟಿಗೆ ಅವರ ಅತ್ಯಂತ ದೊಡ್ಡ ಕೆಲಸ ಇದೇ.

ಬೆಂಗಳೂರಿನಲ್ಲಿ ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಓದಿಕೊಂಡು ಹೋದ ನನಗೆ, ಓದುಗರ ಸಮಯ ಉಳಿಸಬೇಕೆಂಬ ಸೂತ್ರದ ಪೂರ್ಣ ಅರ್ಥ ತಿಳಿದದ್ದು ಮಾರುಕಟ್ಟೆಯ ಚೀಲ ಹಿಡಿದ ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಒಳಗೆ ಬರುವುದನ್ನು ಕಂಡಾಗ. ಅವರಿಗೆ ಇರುತ್ತಿದ್ದುದು ಸ್ವಲ್ಪವೇ ಹೊತ್ತು. ಹಾಗಾಗಿ ಚಿತ್ರಪುಸ್ತಕಗಳನ್ನು ಬೆನ್ನು ಕಾಣುವಂತೆ ಜೋಡಿಸದೆ, ಮುಖಪುಟ ಕಾಣುವಂತೆ ಮಗುವಿನ ಕೈಗೆಟುಕುವ ಎತ್ತರದಲ್ಲಿಟ್ಟೆ. ಮಲಯ್, ಚೀನೀ, ತಮಿಳು, ಇಂಗ್ಲಿಷ್ ಈ ನಾಲ್ಕೂ ಭಾಷೆಯ ಪುಸ್ತಕಗಳು ಬಾಗಿಲಿಗೆ ಸಮೀಪದ ಒಂದೇ ಸಾಲಿನಲ್ಲಿ ಇರುವಂತೆ ನೋಡಿಕೊಂಡೆ. ಯಾವ ಭಾಷೆಯ ಪುಸ್ತಕವನ್ನು ಮೂಲೆಗೆ ಸರಿಸಿದರೂ ಆ ಭಾಷೆಯ ಮಕ್ಕಳು ನಿಧಾನವಾಗಿ ಬರುವುದನ್ನೇ ಬಿಡುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪುಸ್ತಕ ಆಯ್ಕೆಗೆ ನಾನು ಹೆಚ್ಚು ನಂಬಿದ್ದು ಎರವಲು ಲೆಕ್ಕಕ್ಕಿಂತ ಮೇಜಿನ ಮೇಲಿದ್ದ ಒಂದು ನೋಟ್‌ಬುಕ್ಕನ್ನು. ಮಗು ಕೇಳಿದ ಪುಸ್ತಕ ಸಿಗದಿದ್ದಾಗ ಅದರ ವಯಸ್ಸು, ಭಾಷೆ, ಕೇಳಿದ ವಿಷಯ ಇಷ್ಟನ್ನೇ ಬರೆದಿಡುತ್ತಿದ್ದೆ, ಹೆಸರು ಬೇಕಿರಲಿಲ್ಲ. ಎರವಲು ಲೆಕ್ಕವು ನಮ್ಮಲ್ಲಿ ಇರುವ ಪುಸ್ತಕಗಳ ಬಗ್ಗೆ ಮಾತ್ರ ಹೇಳುತ್ತದೆ. ಬರಿಗೈಯಲ್ಲಿ ಹಿಂತಿರುಗಿದವರು ಅದರಲ್ಲಿ ಕಾಣುವುದೇ ಇಲ್ಲ. ತಿಂಗಳ ಕೊನೆಗೆ ಈ ಟಿಪ್ಪಣಿಗಳಿಂದಲೇ ಖರೀದಿ ಪಟ್ಟಿಯ ಮೊದಲ ಭಾಗ ಸಿದ್ಧವಾಗುತ್ತಿತ್ತು. ತಮಿಳು ಪುಸ್ತಕಗಳ ವಿಷಯದಲ್ಲಿ, ಕನ್ನಡತಿಯಾದ ನಾನು ನನ್ನ ಊಹೆಗೆ ಬಿಡದೆ, ಮನೆಯಲ್ಲಿ ಮಕ್ಕಳಿಗೆ ಓದಿ ಹೇಳುವ ತಾಯಂದಿರಿಂದ ಮಾದರಿ ಪ್ರತಿಗಳನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದೆ. ಬಾಯಲ್ಲಿ ಸರಾಗವಾಗಿ ಹರಿಯದ ವಾಕ್ಯಗಳಿದ್ದರೆ ಆ ಪುಸ್ತಕವನ್ನು ಪಟ್ಟಿಯಿಂದ ತೆಗೆಯುತ್ತಿದ್ದೆ.

ಪರೀಕ್ಷೆಯ ಕಾಲದಲ್ಲಿ ದೊಡ್ಡ ವಿದ್ಯಾರ್ಥಿಗಳು ಕುರ್ಚಿಗಳನ್ನೆಲ್ಲ ತುಂಬಿಕೊಳ್ಳುತ್ತಿದ್ದರು. ಅವರ ಅಗತ್ಯವೂ ನಿಜವಾದದ್ದೇ. ಆದರೂ ಕಥೆ ಹೇಳುವ ಜಾಗವನ್ನು ಓದುವ ಮೇಜುಗಳಿಗೆ ಬಿಟ್ಟುಕೊಡಲು ನಾನು ಒಪ್ಪಲಿಲ್ಲ. ನಾಲ್ಕು ವರ್ಷದ ಮಗುವಿಗೆ ನೆಲದ ಮೇಲೆ ಕಾಲು ಚಾಚಿ ಪುಸ್ತಕ ತೆರೆಯಲು ಆ ಬಡಾವಣೆಯಲ್ಲಿ ಬೇರೆ ಸಾರ್ವಜನಿಕ ಜಾಗ ಇರಲಿಲ್ಲ.